ಸಂಗೀತ ನಿರ್ಮಾಣ ತಂತ್ರಾಂಶಗಳಲ್ಲಿ ಶಾರ್ಟ್‌ಕಟ್ ಕೀಲಿಗಳು

ಹಾಡು, ವಾದ್ಯ, ಮಾತುಗಳನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಂಡು ಕತ್ತರಿಸಿ, ಜೋಡಿಸಿ, ಹದಗೊಳಿಸುವ ತಂತ್ರಾಂಶಗಳಲ್ಲಿ, ಮೆನುವಿನ ಉದ್ದದ ಪಟ್ಟಿಯನ್ನು ಹುಡುಕದೆ, ಒಂದು ಕೀಲಿಯನ್ನು ಒತ್ತಿಯೋ ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಯೋ ಕೀಲಿಯೊಂದನ್ನು ಹಿಡಿದುಕೊಂಡು ಮೌಸನ್ನು ಎಳೆದೋ ಕೆಲಸ ಮಾಡಿಸುವ ಏರ್ಪಾಡಿಗೆ ಶಾರ್ಟ್‌ಕಟ್ ಎಂದು ಹೆಸರು. ತಯಾರಕರು ಮೊದಲೇ ನಿಗದಿಪಡಿಸಿದ ಶಾರ್ಟ್‌ಕಟ್‌ಗಳಿರುವಂತೆಯೇ, ಬಳಸುವವರು ತಮ್ಮ ಕೈಗೆ ಒಗ್ಗುವ ಹಾಗೆ ಬದಲಿಸಿಕೊಂಡವೂ ಹೊಸದಾಗಿ ಕಟ್ಟಿಕೊಂಡವೂ ಇರುತ್ತವೆ. ಈ ವಿಷಯದ ಇತಿಹಾಸವನ್ನು ಹಿಂದಿರುಗಿ ನೋಡಿದರೆ, ಕೀಲಿಯೊಂದಕ್ಕೆ ಅರ್ಥ ಕೊಡುವ ಅಧಿಕಾರ ನಿಧಾನವಾಗಿ ತಯಾರಕರ ಕೈಯಿಂದ ಸಂಗೀತಗಾರರ ಕೈಗೆ ದಾಟಿದ್ದು ಕಾಣುತ್ತದೆ.

ಟೇಪಿನ ಕಾಲದಲ್ಲಿ ಆಜ್ಞೆಗಳು ಬೆರಳೆಣಿಕೆಯಷ್ಟೇ ಇದ್ದವು. ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನಲ್ಲಿ ಮುದ್ರಣವಾಗುತ್ತಿದ್ದಾಗಲೂ, ಶಂಕರ್‌ನಾಗ್ ಮತ್ತು ಅನಂತನಾಗ್ ಸೋದರರ ಸಂಕೇತ್ ಸ್ಟುಡಿಯೋದಂಥ ಪ್ರಯತ್ನಗಳಿಂದ ಆ ಕೆಲಸ ಬೆಂಗಳೂರಿಗೆ ಬರತೊಡಗಿದಾಗಲೂ, ಟೇಪ್ ಯಂತ್ರದ ಮುಂದೆ ಕುಳಿತವರಿಗೆ ಓಡಿಸು, ನಿಲ್ಲಿಸು, ಹಿಂದಕ್ಕೆ ಸುತ್ತು, ಮುಂದಕ್ಕೆ ಸುತ್ತು, ಮುದ್ರಿಸು ಎಂಬ ಗುಂಡಿಗಳೇ ಆಧಾರವಾಗಿದ್ದವು. ಹಾಡಿನ ನಡುವೆ ತಪ್ಪಿದ ಒಂದು ಸಾಲನ್ನು ಮಾತ್ರ ಮತ್ತೆ ಹಾಡಿಸಿ ಸೇರಿಸಬೇಕಾದರೆ, ಟೇಪು ಓಡುತ್ತಿರುವಾಗಲೇ ಸರಿಯಾದ ಕ್ಷಣಕ್ಕೆ ಮುದ್ರಣದ ಗುಂಡಿಯನ್ನು ಒತ್ತಿ, ಸಾಲು ಮುಗಿದೊಡನೆ ಬಿಡಿಸಬೇಕಿತ್ತು. ಒಂದಿಷ್ಟು ತಡವಾದರೂ ಪಕ್ಕದ ಸಾಲು ಅಳಿಸಿಹೋಗುತ್ತಿತ್ತು. ಆ ಕೆಲಸದಲ್ಲಿ ಪಳಗಿದವರ ಕೌಶಲವೆಲ್ಲ ಬೆರಳಿನಲ್ಲೇ ಇತ್ತು. ಮುಂದೆ ಗಣಕಯಂತ್ರ ಬಂದಾಗಲೂ ಆ ಗುಂಡಿಗಳ ನೆನಪು ಉಳಿಯಿತು: ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಹಾಡು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಪ್ರೊ ಟೂಲ್ಸ್ ತಂತ್ರಾಂಶವು ಕೀಲಿಮಣೆಯ ಬಲಬದಿಯ ಅಂಕಿಗಳನ್ನೇ ಟೇಪ್ ಯಂತ್ರದ ಗುಂಡಿಗಳಂತೆ ಬಳಸಲು ಅನುವು ಮಾಡಿ, 0ಯನ್ನು ಓಡಿಸಲು, 3ನ್ನು ಮುದ್ರಿಸಲು ಕೊಟ್ಟಿತು.

ಮೌಸ್ ಮತ್ತು ಕೀಲಿಮಣೆಗಳನ್ನು ಜೊತೆಯಾಗಿ ಬಳಸುವ ಕಲ್ಪನೆಯನ್ನು ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬಹಿರಂಗವಾಗಿ ತೋರಿಸಿದರು. ಅವರ ಬಲಗೈಯಲ್ಲಿ ಮೌಸ್ ಇದ್ದರೆ, ಎಡಗೈಯಡಿ ಐದೇ ಕೀಲಿಗಳ ಒಂದು ಪುಟ್ಟ ಫಲಕವಿತ್ತು. ಸಂಗೀತ ತಂತ್ರಾಂಶ ಬಳಸುವವರು ಇಂದಿಗೂ ಕುಳಿತುಕೊಳ್ಳುವ ಭಂಗಿ ಹೆಚ್ಚುಕಡಿಮೆ ಅದೇ. 1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್ ಗಣಕವು ಕಮಾಂಡ್ ಕೀಲಿಯೊಡನೆ ಝೆಡ್, ಎಕ್ಸ್, ಸಿ, ವಿ ಕೀಲಿಗಳನ್ನು ಒತ್ತಿದರೆ ಕ್ರಮವಾಗಿ ಮಾಡಿದ್ದನ್ನು ರದ್ದುಗೊಳಿಸುವ, ಕತ್ತರಿಸುವ, ನಕಲಿಸುವ, ಅಂಟಿಸುವ ಕೆಲಸಗಳಾಗುವ ಪದ್ಧತಿಯನ್ನು ಜನಬಳಕೆಗೆ ತಂದಿತು. ಎಡಗೈಯೊಂದಕ್ಕೇ ಎಟುಕುವ ಸಾಲೆಂಬ ಕಾರಣಕ್ಕೆ ಆ ನಾಲ್ಕು ಕೀಲಿಗಳು ಅನುಕೂಲವಾಗಿದ್ದವು.

ಅದೇ ನಾಲ್ಕು ಕೀಲಿಗಳಿಗೆ ಮೂರು ವರ್ಷಗಳಲ್ಲೇ ಇನ್ನೊಂದು ಬಾಳು ದೊರಕಿತು. ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಅಮಿಗಾ ಗಣಕಕ್ಕಾಗಿ ರೂಪಿಸಿದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಮತ್ತು ಅದರ ಜಾಡಿನಲ್ಲಿ ಬಂದ ತಂತ್ರಾಂಶಗಳಲ್ಲಿ ಅಕ್ಷರದ ಕೀಲಿಮಣೆಯೇ ಪಿಯಾನೋ ಆಯಿತು. ಕೆಳಗಿನ ಸಾಲು ಬಿಳಿ ಮನೆಗಳಾಗಿ, ಅದರ ಮೇಲಿನ ಸಾಲಿನ ಕೆಲವು ಕೀಲಿಗಳು ಕಪ್ಪು ಮನೆಗಳಾಗಿ, ಮೇಲಿನ ಎರಡು ಸಾಲುಗಳು ಮುಂದಿನ ಸ್ಥಾಯಿಯಾಗಿ ನಿಂತವು. ಮೊದಲ ಬಿಳಿ ಮನೆಯನ್ನೇ ಷಡ್ಜವೆಂದು ಹಿಡಿದರೆ ಝೆಡ್, ಎಕ್ಸ್, ಸಿ, ವಿ ಎಂಬುವು ಶಂಕರಾಭರಣದ ಸ, ರಿ, ಗ, ಮ ಆಗುತ್ತವೆ. ಹಾರ್ಮೋನಿಯಂ ಬಳಕೆಯಿಂದ ಶ್ರುತಿಯನ್ನು 'ಬಿಳಿ ಎರಡು', 'ಕಪ್ಪು ಮೂರು' ಎಂದು ಮನೆಯ ಲೆಕ್ಕದಲ್ಲೇ ಹೇಳುವ ಯಕ್ಷಗಾನ ಭಾಗವತರಿಗೆ ಕೀಲಿಯ ಸ್ಥಾನವೇ ಸ್ವರದ ಗುರುತಾಗುವುದು ಹೊಸ ಸಂಗತಿಯಲ್ಲ. ಆದರೆ ಒಂದೇ ಕೀಲಿ ಸ್ವರವೂ ಆಜ್ಞೆಯೂ ಆದಾಗ ತೊಡಕು ಹುಟ್ಟುತ್ತದೆ. ಆದ್ದರಿಂದಲೇ ಲಾಜಿಕ್, ಏಬಲ್ಟನ್ ಲೈವ್ ಮೊದಲಾದ ಸಂಗೀತ ತಂತ್ರಾಂಶಗಳಲ್ಲಿ ಅಕ್ಷರದ ಕೀಲಿಗಳನ್ನು ಪಿಯಾನೋ ಆಗಿಸುವ ವ್ಯವಸ್ಥೆಯನ್ನು ಬೇಕೆಂದಾಗ ತೆರೆದು ಬೇಡವಾದಾಗ ಮುಚ್ಚುವ ಉಪಾಯವಿದೆ. ಅದು ತೆರೆದಿರುವಷ್ಟು ಹೊತ್ತು ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳಲ್ಲಿ ಹಲವು ಕೆಲಸ ಮಾಡುವುದಿಲ್ಲ.

ವಿದ್ಯುನ್ಮಾನ ವಾದ್ಯಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುವ ಮಿಡಿ ಎಂಬ ಸಾಮಾನ್ಯ ಕ್ರಮ 1983ರಲ್ಲಿ ಜಾರಿಗೆ ಬಂದ ಮೇಲೆ ಸಂಗೀತ ತಂತ್ರಾಂಶಗಳು ಒಂದರ ಹಿಂದೊಂದು ಬಂದವು. ಸ್ಟೈನ್‌ಬರ್ಗ್ ಸಂಸ್ಥೆಯ ಕ್ಯೂಬೇಸ್ 1989ರಲ್ಲಿ, ಡಿಜಿಡಿಸೈನ್ ಸಂಸ್ಥೆಯ ಪ್ರೊ ಟೂಲ್ಸ್ 1991ರಲ್ಲಿ, ಎಮ್ಯಾಜಿಕ್ ಸಂಸ್ಥೆಯ ಲಾಜಿಕ್ 1993ರಲ್ಲಿ ಹೊರಬಂದವು; ಎಮ್ಯಾಜಿಕ್ಕನ್ನು ಆಪಲ್ 2002ರಲ್ಲಿ ಕೊಂಡುಕೊಂಡಿತು. ಶಾರ್ಟ್‌ಕಟ್‌ಗಳ ವಿಷಯದಲ್ಲಿ ಇವುಗಳ ದಾರಿ ಬೇರೆಬೇರೆಯಾಯಿತು. ಲಾಜಿಕ್ ಮತ್ತು ಕ್ಯೂಬೇಸ್‌ಗಳು ಆಜ್ಞೆಗಳ ಪಟ್ಟಿಯನ್ನು ಬಳಸುವವರ ಮುಂದಿಟ್ಟು, ಯಾವ ಆಜ್ಞೆಗೆ ಯಾವ ಕೀಲಿ ಎಂಬುದನ್ನು ಅವರ ಇಚ್ಛೆಗೆ ಬಿಟ್ಟವು. ಕ್ಯೂಬೇಸ್‌ನಲ್ಲಿ ಹಲವು ಆಜ್ಞೆಗಳನ್ನು ಸಾಲಾಗಿ ಪೋಣಿಸಿ ಒಂದೇ ಕೀಲಿಗೆ ಕಟ್ಟುವ ಮ್ಯಾಕ್ರೋ ಸೌಲಭ್ಯವೂ ಸೇರಿತು. ಪ್ರೊ ಟೂಲ್ಸ್ ಮಾತ್ರ ತನ್ನ ಕೀಲಿಗಳನ್ನು ಬಿಗಿಯಾಗಿ ಹಿಡಿದುಕೊಂಡು, ಅವನ್ನು ಬದಲಿಸುವ ಅವಕಾಶವನ್ನು 2020ರ ದಶಕದವರೆಗೆ ಕೊಡಲಿಲ್ಲ. ಈ ಬಿಗಿತನಕ್ಕೂ ಕಾರಣವಿತ್ತು: ಒಂದು ಸ್ಟುಡಿಯೋದಲ್ಲಿ ಕಲಿತ ಎಂಜಿನಿಯರು ಇನ್ನೊಂದು ಊರಿನ ಸ್ಟುಡಿಯೋಗೆ ಹೋದರೂ ಕೈ ತಡವರಿಸದೆ ಕೆಲಸ ಆರಂಭಿಸಬಹುದಿತ್ತು. ಬಾಡಿಗೆ ಕೊಠಡಿಗಳಲ್ಲಿ ಗಂಟೆಯ ಲೆಕ್ಕದಲ್ಲಿ ನಡೆಯುವ ಚಿತ್ರಸಂಗೀತದ ಕೆಲಸಕ್ಕೆ ಅದು ಸಣ್ಣ ಲಾಭವಲ್ಲ.

ಕನ್ನಡದಲ್ಲಿ ಬರೆಯುವ ಕೀಲಿಮಣೆಯ ಇತಿಹಾಸ ಕೀಲಿಗೆ ಅರ್ಥ ಕೊಡುವವರು ಯಾರೆಂಬ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಕೊಟ್ಟಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಅಕ್ಷರ ಜೋಡಣೆಯ ಕ್ಷೇತ್ರದಲ್ಲಿಯೂ ದುಡಿದ ಕೆ. ಪಿ. ರಾವ್, ಇಂಗ್ಲಿಷ್ ಕೀಲಿಗಳ ಮೇಲೆ ಅವುಗಳ ಉಚ್ಚಾರಣೆಗೆ ಹೊಂದುವ ಕನ್ನಡ ಅಕ್ಷರಗಳನ್ನು ಕೂರಿಸಿ, ಮಹಾಪ್ರಾಣಗಳನ್ನು ಶಿಫ್ಟ್ ಕೀಲಿಗೆ, ಒತ್ತಕ್ಷರಕ್ಕೆ ಬೇಕಾದ ಕೊಂಡಿಯನ್ನು ಎಫ್ ಕೀಲಿಗೆ ಒಪ್ಪಿಸಿದರು. ಕರ್ನಾಟಕ ಸರ್ಕಾರ ಅಂಗೀಕರಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸ ಈ ತಳಹದಿಯದೇ. ಸಂಗೀತ ತಂತ್ರಾಂಶಗಳಲ್ಲಿ ಪ್ರತಿಯೊಬ್ಬರೂ ತಮ್ಮದೇ ಕೀಲಿಪಟ್ಟಿ ಕಟ್ಟಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಕನ್ನಡ ಬರಹವು ಎಲ್ಲರಿಗೂ ಒಂದೇ ವಿನ್ಯಾಸ ಬೇಕೆಂದು ಹೋರಾಡಿತು, ಮತ್ತು ಎರಡೂ ಸರಿಯಾದ ನಡೆಗಳೇ. ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಹಲವರು ಒಂದೇ ಯಂತ್ರದಲ್ಲಿ ಬರೆಯುತ್ತಾರೆ, ಬೆರಳಚ್ಚು ಪರೀಕ್ಷೆಗೆ ಒಂದೇ ಅಳತೆ ಬೇಕು, ಆದರೆ ರಾಗ ಸಂಯೋಜಕನ ಬೆರಳು ಯಾವ ದಾರಿಯಲ್ಲಿ ನಡೆಯಿತೆಂಬುದು ಮುಗಿದ ಹಾಡಿನಲ್ಲಿ ಕೇಳಿಸುವುದಿಲ್ಲ.

ಈ ಎರಡು ಲೋಕಗಳು ಒಂದೇ ಕೀಲಿಮಣೆಯಲ್ಲಿ ಎದುರಾಗುವುದೂ ಉಂಟು. ಟ್ರ್ಯಾಕ್‌ಗಳಿಗೆ ಪಲ್ಲವಿ, ಚರಣ, ತಬಲಾ, ಕೊಳಲು ಎಂದು ಕನ್ನಡದಲ್ಲಿ ಹೆಸರಿಟ್ಟು, ಭಾಷೆಯನ್ನು ಇಂಗ್ಲಿಷಿಗೆ ಮರಳಿಸದೆ ಮುಂದುವರಿದರೆ, ಸಿ ಕೀಲಿ 'ಚ' ಆಗಿಯೂ ವಿ ಕೀಲಿ 'ವ' ಆಗಿಯೂ ತಂತ್ರಾಂಶಕ್ಕೆ ತಲುಪಬಹುದು. ಕೀಲಿಯ ಸ್ಥಾನವನ್ನು ಗಮನಿಸುವ ತಂತ್ರಾಂಶಗಳಲ್ಲಿ ಶಾರ್ಟ್‌ಕಟ್ ಎಂದಿನಂತೆ ನಡೆಯುತ್ತದೆ. ಬಂದ ಅಕ್ಷರವನ್ನು ಗಮನಿಸುವವುಗಳಲ್ಲಿ ನಿಂತುಹೋಗುತ್ತದೆ. ಹೀಗಾಗಿ ಪದೇ ಪದೇ ಬೇಕಾಗುವ ಆಜ್ಞೆಗಳನ್ನು ಅಕ್ಷರಗಳಿಗಿಂತ ಎಫ್1ರಿಂದ ಎಫ್12ರವರೆಗಿನ ಕೀಲಿಗಳಿಗೂ ಅಂಕಿಗಳ ಫಲಕಕ್ಕೂ ಕಟ್ಟಿಕೊಳ್ಳುವುದು ಕನ್ನಡದಲ್ಲಿ ಬರೆಯುವವರಿಗೆ ಹೆಚ್ಚು ಸುರಕ್ಷಿತ.

ಸ್ವಂತ ಶಾರ್ಟ್‌ಕಟ್‌ಗಳ ಸಾಧ್ಯತೆಯನ್ನು ಅತ್ಯಂತ ದೂರಕ್ಕೆ ಒಯ್ದದ್ದು ಜಸ್ಟಿನ್ ಫ್ರಾಂಕೆಲ್ ಅವರ ರೀಪರ್. 2006ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಈ ತಂತ್ರಾಂಶದಲ್ಲಿ ಸಾವಿರಾರು ಆಜ್ಞೆಗಳ ಪಟ್ಟಿಯಿದ್ದು, ಅವುಗಳಲ್ಲಿ ಯಾವುದನ್ನಾದರೂ ಯಾವ ಕೀಲಿಗಾದರೂ ಒಪ್ಪಿಸಬಹುದು, ಹಲವನ್ನು ಸೇರಿಸಿ ಹೊಸ ಆಜ್ಞೆ ಮಾಡಬಹುದು, ಸಾಲದಿದ್ದರೆ ಚಿಕ್ಕ ಕ್ರಮವಿಧಿಯನ್ನೇ ಬರೆದು ಸೇರಿಸಬಹುದು. ನಾಲ್ಕನೆಯ ಆವೃತ್ತಿಯಿಂದ ಮೌಸ್‌ನ ವರ್ತನೆಯೂ ಬಳಸುವವರ ಅಧೀನಕ್ಕೆ ಬಂದಿತು: ಒಂದೇ ಎಳೆತವು ಶಿಫ್ಟ್ ಹಿಡಿದಾಗ ಒಂದು ಕೆಲಸ, ಕಂಟ್ರೋಲ್ ಹಿಡಿದಾಗ ಇನ್ನೊಂದು ಕೆಲಸ ಮಾಡುವಂತೆ ನಿಗದಿಪಡಿಸಬಹುದು.

ಕರ್ನಾಟಕದ ಸಂಗೀತಕ್ಕೆ ಈ ಸ್ವಾತಂತ್ರ್ಯದ ಅಗತ್ಯ ಹೆಚ್ಚು, ಏಕೆಂದರೆ ಈ ತಂತ್ರಾಂಶಗಳ ಮೂಲ ಕಲ್ಪನೆಯೇ ಬಿಡಿಬಿಡಿಯಾದ ಸ್ವರ ಮತ್ತು ಸಮನಾದ ಗತಿಗಳದ್ದು. ಸ್ವರದಿಂದ ಸ್ವರಕ್ಕೆ ಜಾರುವ, ಒಂದೇ ಸ್ವರದಲ್ಲಿ ಓಲಾಡುವ ಗಮಕವನ್ನು ಮಿಡಿಯಲ್ಲಿ ಮೂಡಿಸಬೇಕಾದರೆ ಸ್ವರವನ್ನು ಬಾಗಿಸುವ ರೇಖೆಯನ್ನು ಮೌಸಿನಿಂದ ಎಳೆಯಬೇಕು. ಬಾಗುವಿಕೆಯ ಮಿತಿ ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ ಎರಡೆರಡು ಸ್ವರಸ್ಥಾನ ಮಾತ್ರವಿರುವುದರಿಂದ ಅದನ್ನೂ ಹಿಗ್ಗಿಸಿಕೊಳ್ಳಬೇಕು. ಒಂದು ಸಂಗತಿಯನ್ನು ಮೂಡಿಸುವಾಗ ಆಯ್ಕೆಯ ಬಾಣದಿಂದ ರೇಖೆಯ ಪೆನ್ಸಿಲಿಗೂ ಅಲ್ಲಿಂದ ಅಳಿಸುವ ರಬ್ಬರಿಗೂ ಮತ್ತೆ ಮತ್ತೆ ಓಡಾಡಬೇಕಾಗುತ್ತದೆ. ಆ ಓಡಾಟ ಮೆನುವಿನ ಮೂಲಕ ನಡೆದರೆ ಮನಸ್ಸಿನಲ್ಲಿದ್ದ ಗಮಕವೇ ಚದುರಿಹೋಗುತ್ತದೆ. ಲಯದಲ್ಲಿಯೂ ಇಂಥದೇ ಇಕ್ಕಟ್ಟು: ಕಾಲವನ್ನು ಅಳೆಯುವ ಪರದೆಯ ಗೆರೆಗಳು ಚತುರಶ್ರ ಮತ್ತು ತಿಸ್ರ ನಡೆಗಳಿಗೆ ಸಿದ್ಧವಾಗಿಯೇ ಬರುತ್ತವೆ, ಖಂಡ ಮತ್ತು ಮಿಶ್ರ ನಡೆಗಳಿಗೆ ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು. ರೀಪರ್‌ನಲ್ಲಿ ಗೆರೆಗಳ ಅಂತರವನ್ನು 1/20 ಎಂದು ಕೊಟ್ಟರೆ ನಾಲ್ಕು ಎಣಿಕೆಯ ಆವರ್ತದ ಪ್ರತಿ ಎಣಿಕೆಗೂ ಐದು ಭಾಗಗಳಾಗಿ ಖಂಡನಡೆ ದೊರೆಯುತ್ತದೆ, ಆ ಹೊಂದಿಕೆಯನ್ನು ಒಂದು ಕೀಲಿಗೆ ಕಟ್ಟಿಟ್ಟರೆ ಮೃದಂಗದ ಮುಕ್ತಾಯವನ್ನು ತಿದ್ದುವಾಗ ಲೆಕ್ಕ ತಪ್ಪುವುದಿಲ್ಲ.

ಜನಪದ ವಾದ್ಯಗಳ ವಿಷಯದಲ್ಲಿ ಗೆರೆಗಳನ್ನು ಬಿಟ್ಟುಬಿಡುವುದೇ ಮುಖ್ಯ. ಶಿಕಾರಿಪುರ, ನೆರೆಯ ಸೊರಬ, ಸಾಗರ ತಾಲೂಕುಗಳ ಡೊಳ್ಳು ಕುಣಿತದಲ್ಲಿ ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದು ಬದಿಗೆ ಅಂಗೈಯ ಪೆಟ್ಟು ಬೀಳುತ್ತಿದ್ದು, ಕುಣಿತ ಏರಿದಂತೆ ಗತಿಯೂ ಏರುತ್ತದೆ. ಅಂಥ ಧ್ವನಿಮುದ್ರಣವನ್ನು ತಂತ್ರಾಂಶದ ಸಮಗತಿಯ ಗೆರೆಗಳಿಗೆ ಎಳೆದು ಕೂರಿಸಿದರೆ ಮೇಳದ ಉಸಿರು ನಿಂತುಹೋಗುತ್ತದೆ. ಹಾಗಾಗದಂತೆ, ಗೆರೆಯ ಸೆಳೆತವನ್ನು ಕ್ಷಣಮಾತ್ರ ತಡೆಹಿಡಿಯುವ ಕೀಲಿಯೂ ಒಂದು ಪೆಟ್ಟಿನ ಆರಂಭದಿಂದ ಮುಂದಿನ ಪೆಟ್ಟಿನ ಆರಂಭಕ್ಕೆ ನೆಗೆಯುವ ಕೀಲಿಯೂ ಕೈಯಡಿಯಲ್ಲಿರಬೇಕು. ಆಗ ಕತ್ತರಿ ಪೆಟ್ಟಿನ ಬುಡಕ್ಕೇ ಬೀಳುತ್ತದೆ, ಗತಿ ಕಲಾವಿದರದೇ ಆಗಿ ಉಳಿಯುತ್ತದೆ.

ಕಣ್ಣು ಕಾಣದ ಸಂಗೀತಗಾರರಿಗೆ ಕೀಲಿಗಳು ಅನುಕೂಲದ ಮಾತಲ್ಲ, ಕೆಲಸಕ್ಕಿರುವ ಏಕೈಕ ದಾರಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆಸಿದ ಪರಂಪರೆಯಿಂದಾಗಿ ಅಂಧ ಗಾಯಕ ವಾದಕರು ಕರ್ನಾಟಕದ ಸಂಗೀತದಲ್ಲಿ ಎಂದೂ ಅಂಚಿನವರಾಗಿಲ್ಲ. ಆದರೆ ಚಿತ್ರ ಮತ್ತು ಗೆರೆಗಳಿಂದ ತುಂಬಿದ ಧ್ವನಿಮುದ್ರಣದ ಪರದೆ ಅಂಥವರನ್ನು ಹೊರಗಿಟ್ಟಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ 2006ರಲ್ಲಿ ಆರಂಭವಾಯಿತು. ಅದರ ಮುಖ್ಯ ನಿರ್ಮಾತೃಗಳಲ್ಲೊಬ್ಬರಾದ, ಸ್ವತಃ ಅಂಧರಾದ ಜೇಮ್ಸ್ ಟೆ, ರೀಪರ್‌ಗಾಗಿ ಓಸಾರಾ ಎಂಬ ವಿಸ್ತರಣೆಯನ್ನು ಆರಂಭಿಸಿದರು. ಯಾವ ಟ್ರ್ಯಾಕ್ ಆಯ್ಕೆಯಾಗಿದೆ, ಅದರಲ್ಲಿ ಮುದ್ರಣ ತೆರೆದಿದೆಯೇ, ಹಾಡು ಎಷ್ಟನೆಯ ಆವರ್ತದಲ್ಲಿದೆ ಎಂಬುದನ್ನೆಲ್ಲ ಅದು ಕೀಲಿ ಒತ್ತಿದೊಡನೆ ಧ್ವನಿಯಲ್ಲಿ ತಿಳಿಸುತ್ತದೆ ಮತ್ತು ತನ್ನದೇ ಸಿದ್ಧ ಕೀಲಿಪಟ್ಟಿಯೊಂದನ್ನೂ ಜೊತೆಗೆ ಕೊಡುತ್ತದೆ. ಪರದೆ ಓದುವ ತಂತ್ರಾಂಶವೂ ಇನ್ಸರ್ಟ್ ಅಥವಾ ಕ್ಯಾಪ್ಸ್‌ಲಾಕ್ ಕೀಲಿಯನ್ನು ತನ್ನ ಆಜ್ಞೆಗಳಿಗೆ ಕಾದಿರಿಸಿಕೊಳ್ಳುವುದರಿಂದ ಎರಡರ ನಡುವೆ ಘರ್ಷಣೆಯಾಗದಂತೆ ಕೀಲಿಗಳನ್ನು ಹಂಚಿಕೊಳ್ಳಬೇಕಾಗುತ್ತದೆ. ಎನ್‌ವಿಡಿಎ ಜೊತೆಗೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆಯಾದ್ದರಿಂದ, ಟ್ರ್ಯಾಕ್‌ಗಳಿಗೆ ಕನ್ನಡದಲ್ಲಿ ಇಟ್ಟ ಹೆಸರುಗಳನ್ನು ಕನ್ನಡದಲ್ಲಿಯೇ ಕೇಳುತ್ತ ಈ ಕೆಲಸ ಮಾಡಲು ಸಾಧ್ಯವಿದೆ.