ಆಂಬ್ರಿಜ್‌ನ ನೆರೆಯೂರುಗಳು

ಇಂಗ್ಲೆಂಡಿನ ಭೂಪಟದಲ್ಲಿ ಬೋರ್ಸೆಟ್‌ಷೈರ್ ಎಂಬ ಕೌಂಟಿಯನ್ನು ಹುಡುಕಿದರೆ ಸಿಗದು. ಆದರೂ ಅದು ವುಸ್ಟರ್‌ಷೈರ್ ಮತ್ತು ವಾರಿಕ್‌ಷೈರ್‌ಗಳ ನಡುವೆ ಎಲ್ಲೋ ಇದೆಯೆಂಬುದನ್ನು ಅಲ್ಲಿನ ರೇಡಿಯೋ ಕೇಳುಗರು ಬಲ್ಲರು. ಬಿಬಿಸಿಯ ‘ದಿ ಆರ್ಚರ್ಸ್’ ಧಾರಾವಾಹಿಯ ಆಂಬ್ರಿಜ್ ಹಳ್ಳಿಯಿರುವುದು ಅಲ್ಲಿಯೇ. ಆಂಬ್ರಿಜ್ ಕುರಿತು ಬರೆದವರು ಬಹಳ. ನಮ್ಮ ಕುತೂಹಲವಿರುವುದು ಅದರ ಸುತ್ತಣ ಊರುಗಳ ಬಗ್ಗೆ.

ಈ ಧಾರಾವಾಹಿ ಸಾಹಿತ್ಯದ ಹಂಬಲದಿಂದ ಹುಟ್ಟಿದ್ದಲ್ಲ. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಪಡಿತರ ಮುಗಿದಿರಲಿಲ್ಲ. ಹೆಚ್ಚು ಬೆಳೆಯಿರೆಂದು ರೈತರಿಗೆ ಹೇಳಬೇಕಿತ್ತು, ಉಪನ್ಯಾಸ ಕೇಳುವವರಾರು? 1948ರಲ್ಲಿ ಬರ್ಮಿಂಗ್‌ಹ್ಯಾಮಿನ ಸಭೆಯೊಂದರಲ್ಲಿ ರೈತರೊಬ್ಬರು, ಆಗಿನ ಜನಪ್ರಿಯ ಸಾಹಸ ಧಾರಾವಾಹಿ ‘ಡಿಕ್ ಬಾರ್ಟನ್’ನಂಥದ್ದು ಬೇಸಾಯಕ್ಕೂ ಬೇಕೆಂದರು. ನಿರ್ಮಾಪಕ ಗಾಡ್‌ಫ್ರಿ ಬೇಸ್ಲಿ ಆ ಮಾತನ್ನು ಹಿಡಿದುಕೊಂಡರು. 1950ರ ಮೇ ಕೊನೆಯಲ್ಲಿ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ಪ್ರಯೋಗ. 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರ.

ಹಳ್ಳಿಗೆ ಮಾದರಿಗಳು ಸಿಕ್ಕಿದ್ದವು: ಹ್ಯಾನ್‌ಬರಿಯ ಚರ್ಚು, ಇಂಕ್‌ಬರೋದ ಪಬ್ಬು. ಆದರೆ ಬೇಸಾಯದ ಹಳ್ಳಿ ತನ್ನಷ್ಟಕ್ಕೆ ತಾನೇ ನಿಲ್ಲಲಾರದು. ಕುರಿ ಮಾರಲು ಸಂತೆ ಬೇಕು, ರೈಲು ಹಿಡಿಯಲು ನಿಲ್ದಾಣ ಬೇಕು. ಹಾಗಾಗಿ ಸಂತೆಗೆ ಬೋರ್ಚೆಸ್ಟರ್, ದೊಡ್ಡ ಚರ್ಚಿಗೆ ಫೆಲ್ಪರ್‌ಶ್ಯಾಮ್, ರೈಲಿಗೆ ಹಾಲರ್ಟನ್ ಜಂಕ್ಷನ್. ಕ್ರಿಕೆಟ್ಟಿನಲ್ಲಿ ಸೆಣಸಲು ಪೆನ್ನಿ ಹ್ಯಾಸೆಟ್, ಡ್ಯಾರಿಂಗ್‌ಟನ್. (ಬೋರ್ಚೆಸ್ಟರ್ ಎಂಬಲ್ಲಿ ನಮಗಂತೂ ಟ್ರಾಲಪ್‌ನ ಬಾರ್ಚೆಸ್ಟರ್ ಮಾರ್ದನಿಸುತ್ತದೆ.) ಹೊರನಾಡಿನಲ್ಲಿ ನಾವು ಊರನ್ನು ಪರಿಚಯಿಸುವುದೂ ಹೀಗೆಯೇ ಅಲ್ಲವೆ? ಹಳ್ಳಿಯ ಹೆಸರು ಹೇಳುತ್ತೇವೆ; ಕೇಳಿದವರ ಮುಖ ನೋಡಿ, ಪಕ್ಕದ ಸಂತೆಯೂರಿನ ಹೆಸರನ್ನೂ ಸೇರಿಸುತ್ತೇವೆ.

ಈ ಊರುಗಳಿಗೆ ಇನ್ನೊಂದು ಕೆಲಸವೂ ಇತ್ತು. ರೇಡಿಯೋ ನಾಟಕದಲ್ಲಿ ಮಾತನಾಡದವನು ಕೇಳುಗನ ಪಾಲಿಗೆ ಅಲ್ಲಿಲ್ಲ. ಹಾಗಾದರೆ ಅವನೆಲ್ಲಿ? ಬೋರ್ಚೆಸ್ಟರಿಗೆ ಹೋಗಿದ್ದಾನೆ. ಅವನು ಹಿಂದಿರುಗಿ ಹೇಳುವ ಸುದ್ದಿಯಿಂದಲೇ ಆ ಪಟ್ಟಣ ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಊರಿಗೆ ಸೆಟ್ ಹಾಕುವ ಖರ್ಚಿಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ಮರೆಯುವಂತಿಲ್ಲ, ಕೇಳುಗರು ಬಿಡುವವರಲ್ಲ. ಆ ನಂಬಿಕೆಯ ಆಳ 1955ರ ಸೆಪ್ಟೆಂಬರ್ 22ರಂದು ಕಂಡಿತು. ಲಾಯಕ್ಕೆ ಬಿದ್ದ ಬೆಂಕಿಯಲ್ಲಿ ಸಿಕ್ಕಿದ ಗ್ರೇಸ್ ಆರ್ಚರ್ ಆಸ್ಪತ್ರೆಯ ದಾರಿಯಲ್ಲಿ ಪ್ರಾಣಬಿಟ್ಟಳು. ವಾಣಿಜ್ಯ ವಾಹಿನಿ ಐಟಿವಿ ಆರಂಭವಾದ ರಾತ್ರಿಯೇ ಅದು. ಕಾಕತಾಳೀಯವೆನ್ನಲು ನಮಗೆ ಮನಸ್ಸಾಗದು. ಇಲ್ಲದ ಹಳ್ಳಿಯಿಂದ ಇಲ್ಲದ ರಸ್ತೆಯಲ್ಲಿ ಹೊರಟವಳಿಗಾಗಿ ಜನ ನಿಜವಾಗಿಯೇ ಅತ್ತರು.

ಅದೇ ಐಟಿವಿಯಲ್ಲಿ 1972ರ ಅಕ್ಟೋಬರ್ 16ರಂದು ಯಾರ್ಕ್‌ಷೈರಿನ ಬೆಕಿಂಡೇಲ್ ಎಂಬ ಕಲ್ಪಿತ ಹಳ್ಳಿ ಮೂಡಿಬಂತು. ಧಾರಾವಾಹಿ ‘ಎಮರ್‌ಡೇಲ್ ಫಾರ್ಮ್’. ಅಲ್ಲಿನ ಸಂತೆಯೂರು ಹಾಟನ್. 1993ರ ಡಿಸೆಂಬರ್ 30ರ ಕಂತಿನಲ್ಲಿ ಆ ಹಳ್ಳಿಯ ಮೇಲೆ ವಿಮಾನ ಬಿತ್ತು. ಮರುವರ್ಷ ಊರು ಎಮರ್‌ಡೇಲ್ ಎಂದು ಹೆಸರು ಬದಲಿಸಿಕೊಂಡಿತು. ಹಾಟನ್ ಮಾತ್ರ ಹಾಟನ್ ಆಗಿಯೇ ಉಳಿಯಿತು. ಅಲ್ಲಿನ ದೃಶ್ಯಗಳನ್ನು ಓಟ್ಲಿ ಎಂಬ ನಿಜವಾದ ಪಟ್ಟಣದ ಬೀದಿಗಳಲ್ಲಿ ಚಿತ್ರೀಕರಿಸಿದ್ದುಂಟು.