ಕಲ್ಲಿನ ಮೇಲಿನ ಲಿಂಗ, ಕೈಯ ಮೇಲಿನ ಲಿಂಗ

ಶಾಸನದ ನೆತ್ತಿಯ ಮೇಲೆ ಲಿಂಗ, ಪಕ್ಕದಲ್ಲಿ ಪೂಜಾರಿ, ಆಕಳು-ಕರು, ಮೇಲೆ ಸೂರ್ಯಚಂದ್ರ ಕಂಡರೆ ಸಾಕು, "ಇದು ಲಿಂಗಾಯತರ ಕಲ್ಲು ರೀ" ಅಂತ ಫೋಟೋ ಕಳಿಸುವವರು ಬಹಳ. ನಾನು ಒಪ್ಪುವುದಿಲ್ಲ. ಅದು ಗುಡಿಯ ಸ್ಥಾವರಲಿಂಗ. ಬಸವಣ್ಣನಿಗಿಂತ ಹಿಂದಿನ ಶೈವ ದಾನಶಾಸನಗಳಲ್ಲೂ ಇದೇ ಚಿತ್ರವಿದೆ.

ನಮ್ಮ ಪಾಲಬಾವಿ ಸೀಮೆಯಿಂದ ದೂರವೇನಿಲ್ಲ, ಪಕ್ಕದ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಶಕ 1182, ಅಂದರೆ ಕ್ರಿ.ಶ. 1260ರ ಶಾಸನವಿದೆ. ಯಾದವ ಕನ್ನರನ ಕಾಲದ್ದು. ಬಾಗೇವಾಡಿಯ ಮಾದಿರಾಜನ ಮಗ ಬಸವಣ್ಣನನ್ನೂ ಅವನ ವಂಶದ ಹಾಲಬಸವಿದೇವನನ್ನೂ ಅದು ಹೆಸರಿಸುತ್ತದೆ. ಬಸವಣ್ಣನ ಕಾಲದಿಂದ ಒಂದು ಶತಮಾನದೊಳಗಿನ ಸಾಕ್ಷಿ! ಆದರೆ ಅದೂ ದಾನಶಾಸನವೇ. ಭೂಮಿ ಯಾರಿಗೆ ಹೋಯಿತು ಎಂಬುದು ಕಲ್ಲಿಗೆ ಮುಖ್ಯ. ಕೊರಳಲ್ಲಿ ಧರಿಸುವ ಲಿಂಗ ಹೇಗೆ ಪೂಜ್ಯವಾಗುತ್ತದೆ ಎಂಬುದನ್ನು ತಿಳಿಯಲು ಮನೆ-ಮಠದ ಆಚರಣೆಯನ್ನೇ ನೋಡಬೇಕು.

ಅಂಗಡಿಯಿಂದ ತಂದ ಲಿಂಗವನ್ನು ಹಾಗೇ ಕಟ್ಟಿಕೊಳ್ಳೋದಿಲ್ಲ. ಅಲ್ಲೀತನಕ ಅದು ಕರಿ ಲೇಪದ ಸಣ್ಣ ಶಿಲೆ, ಅಷ್ಟೇ. ಗುರು ಅದಕ್ಕೆ ಅಭಿಷೇಕ ಮಾಡಿ, ವಿಭೂತಿ ಹಚ್ಚಿ, ಮಂತ್ರದಿಂದ ಸಂಸ್ಕಾರ ಮಾಡಬೇಕು. ಆದರೆ ಸಂಸ್ಕಾರ ವಸ್ತುವಿಗೆ ಮಾತ್ರ ಅಲ್ಲ, ಅದನ್ನು ಧರಿಸುವವನಿಗೂ ಉಂಟು. ತಲೆಯ ಮೇಲೆ ಗುರುವಿನ ಕೈ, ಕಿವಿಯಲ್ಲಿ ಮಂತ್ರ, ಅಂಗೈಯಲ್ಲಿ ಲಿಂಗ: ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳು ಇವೇ. ನಮ್ಮ ಕಡೆ ಜಂಗಮರ ಹುಡುಗರಿಗೆ ಇದನ್ನೇ ಅಯ್ಯಾಚಾರ ಎಂದು ದೊಡ್ಡದಾಗಿ ಮಾಡುತ್ತಾರೆ.

ಇಲ್ಲಿ ಶಾಸನ ಓದುವವರಿಗೆ ಪರಿಚಯದ ಒಂದು ಮಾತು ನೆನಪಾಗಬೇಕು: "ಕಾಲಂ ಕರ್ಚಿ ಧಾರಾಪೂರ್ವಕಂ". ಆಚಾರ್ಯನ ಪಾದ ತೊಳೆದು, ನೀರು ಎರೆದು ಕೊಟ್ಟಾಗಲೇ ಹೊಲ ದೇವರದಾಗುತ್ತದೆ. ಮಣ್ಣು ಅದೇ, ಕೈ ಬದಲಾದ ರೀತಿಯಿಂದ ಅದರ ಸ್ಥಿತಿ ಬದಲು. ಇಷ್ಟಲಿಂಗದಲ್ಲೂ ಕೈಯಿಂದ ಕೈಗೆ ದಾಟುವ ಕ್ರಮವೇ ಜೀವಾಳ ಎಂದು ನನ್ನ ಓದು. ದಿಕ್ಕು ಮಾತ್ರ ತಿರುವುಮುರುವು. ಅಲ್ಲಿ ಭಕ್ತ ಆಚಾರ್ಯನಿಗೆ ಕೊಡುತ್ತಾನೆ, ಇಲ್ಲಿ ಗುರು ಭಕ್ತನಿಗೆ ಕೊಡುತ್ತಾನೆ. ಗುಡಿಯ ಲಿಂಗ ಒಮ್ಮೆ ಪ್ರತಿಷ್ಠೆಯಾದರೆ ಊರಿಗೆಲ್ಲ ದೇವರು. ಇದು ಒಬ್ಬರಿಗೇ.

ಹಾಗಾಗಿ ಹಳೆಯ ಇಷ್ಟಲಿಂಗಗಳು ನಮ್ಮ ಕೈಗೆ ಸಿಗುವುದೂ ಕಷ್ಟ. ಲಿಂಗೈಕ್ಯರಾದವರನ್ನು ಕೂಡಿಸಿ ಸಮಾಧಿ ಮಾಡುವಾಗ ಲಿಂಗ ಅವರ ಎಡ ಅಂಗೈಯಲ್ಲೇ ಮಣ್ಣಿಗೆ ಹೋಗುತ್ತದೆ. ಕೆಲವು ಮನೆಗಳಲ್ಲಿ ಬೆಳ್ಳಿಯ ಕರಡಿಗೆಯೋ ಗುಂಡಗಡಗಿಯೋ ಉಳಿದಿರುತ್ತದೆ, ಅಜ್ಜನದೋ ಮುತ್ತಜ್ಜನದೋ. ನಿಮ್ಮ ಮನ್ಯಾಗೂ ಇದ್ದರೆ ಅದರ ಮೇಲೆ ಅಕ್ಷರ ಏನಾದರೂ ಕೆತ್ತಿದೆಯಾ, ತಿಕ್ಕಿ ತೊಳೆಯುವ ಮುಂಚೆ ಒಂದು ಸಲ ನೋಡ್ರಿ.