ಶಿಕ್ಷಣ ಸಾಲದ ಬಡ್ಡಿ ಸಹಾಯಧನ

ಶಿಕ್ಷಣ ಸಾಲದ ಬಡ್ಡಿ ಸಹಾಯಧನವು ಉನ್ನತ ಶಿಕ್ಷಣಕ್ಕಾಗಿ ಬ್ಯಾಂಕ್ ಸಾಲ ಪಡೆದ ವಿದ್ಯಾರ್ಥಿಗಳ ಬಡ್ಡಿಯನ್ನು ನಿರ್ದಿಷ್ಟ ಅವಧಿಯವರೆಗೆ ಭಾರತ ಸರ್ಕಾರವು ಭರಿಸುವ ಯೋಜನೆಯಾಗಿದೆ. ಕೇಂದ್ರ ಶಿಕ್ಷಣ ಸಚಿವಾಲಯದ ಈ ಯೋಜನೆ 2009–10ನೆಯ ಶೈಕ್ಷಣಿಕ ವರ್ಷದಿಂದ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕ್. ಇದನ್ನು ‘ಸಾಲ ಮನ್ನಾ’ ಎಂದು ತಪ್ಪಾಗಿ ಭಾವಿಸುವುದುಂಟು. ಸಾಲದ ಅಸಲನ್ನು ವಿದ್ಯಾರ್ಥಿಯೇ ತೀರಿಸಬೇಕು.

ಅರ್ಹತೆ

ಕುಟುಂಬದ ವಾರ್ಷಿಕ ಆದಾಯ ಎಲ್ಲ ಮೂಲಗಳಿಂದ ಸೇರಿ 4.5 ಲಕ್ಷ ರೂಪಾಯಿ ಮೀರಿರಬಾರದು. ಜಾತಿಯ ನಿರ್ಬಂಧವಿಲ್ಲ. ಭಾರತದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುವವರಿಗೆ ಮಾತ್ರ ಇದು ಅನ್ವಯಿಸುತ್ತದೆ. ಸ್ನಾತಕ, ಸ್ನಾತಕೋತ್ತರ ಅಥವಾ ಸಂಯುಕ್ತ ಪದವಿಗಳಲ್ಲಿ ಯಾವುದಾದರೂ ಒಂದಕ್ಕೆ, ಒಮ್ಮೆ ಮಾತ್ರ ಸೌಲಭ್ಯ ದೊರೆಯುತ್ತದೆ. ಓದನ್ನು ಅರ್ಧಕ್ಕೆ ಬಿಟ್ಟವರಿಗೂ ಸಂಸ್ಥೆಯಿಂದ ಹೊರಹಾಕಲ್ಪಟ್ಟವರಿಗೂ ಸಹಾಯಧನವಿಲ್ಲ; ಅನಾರೋಗ್ಯದಿಂದ ಬಿಟ್ಟಿದ್ದರೆ ದಾಖಲೆ ಒದಗಿಸಿ ವಿನಾಯಿತಿ ಪಡೆಯಬಹುದು.

ಬಡ್ಡಿಯ ಲೆಕ್ಕ

ಕೋರ್ಸ್‌ನ ಅವಧಿ ಮತ್ತು ಅನಂತರದ ಒಂದು ವರ್ಷ ಸಾಲಗಾರನು ಕಂತು ಕಟ್ಟಬೇಕಿಲ್ಲ. ಇದನ್ನು ಮೊರಟೋರಿಯಂ ಎನ್ನುತ್ತಾರೆ. ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಉದಾಹರಣೆಗೆ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ಜವಾಹರಲಾಲ್ ನೆಹರು ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿ.ಇ. ಓದುವ ವಿದ್ಯಾರ್ಥಿಯು ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ರೂಪಾಯಿಯಂತೆ ಸಾಲ ಪಡೆದನೆಂದುಕೊಂಡರೆ, ಶೇ. 10ರ ಸರಳ ಬಡ್ಡಿಯಲ್ಲಿ ಐದು ವರ್ಷಗಳ ಕೊನೆಗೆ 1,40,000 ರೂಪಾಯಿ ಬಡ್ಡಿಯಾಗುತ್ತದೆ. ಸಹಾಯಧನ ದೊರೆತರೆ ಈ ಮೊತ್ತವನ್ನು ಸರ್ಕಾರ ತುಂಬುತ್ತದೆ. ದೊರೆಯದಿದ್ದರೆ ಅದು ಅಸಲಿಗೆ ಸೇರಿ ಮಾಸಿಕ ಕಂತು ಹಿಗ್ಗುತ್ತದೆ.

ಅರ್ಜಿ

ಸಹಾಯಧನದ ಹಣ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಸಾಲ ನೀಡಿದ ಶಾಖೆಯೇ ಅದನ್ನು ಸರ್ಕಾರದಿಂದ ಕೇಳಿ ಪಡೆದು ಸಾಲದ ಖಾತೆಗೆ ಜಮಾ ಮಾಡುತ್ತದೆ. ಆದ್ದರಿಂದ ಆದಾಯ ಪ್ರಮಾಣಪತ್ರವನ್ನು ಶಾಖೆಗೆ ಸಲ್ಲಿಸುವುದೇ ಇಲ್ಲಿ ನಿರ್ಣಾಯಕ ಹಂತ. ಕರ್ನಾಟಕದಲ್ಲಿ ಈ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಶಿವಮೊಗ್ಗದಲ್ಲಿ ಓದುವ ಭದ್ರಾವತಿಯ ವಿದ್ಯಾರ್ಥಿಯು ತನ್ನ ತಾಲ್ಲೂಕಿನಿಂದಲೇ ಪತ್ರ ತರುತ್ತಾನೆ. ಸಾಲ ಮಂಜೂರಾದ ಮಾತ್ರಕ್ಕೆ ಸಹಾಯಧನವೂ ತಾನಾಗಿ ಬರುತ್ತದೆಂದು ತಿಳಿಯಬಾರದು.

ಹಳೆಯ ಸಾಲಗಳು

ಯೋಜನೆ ಆರಂಭವಾಗುವ ಮೊದಲೇ ಸಾಲ ಪಡೆದವರು ಇದರಿಂದ ಹೊರಗುಳಿದಿದ್ದರು. 2014ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು, 2009ರ ಮಾರ್ಚ್ 31ರವರೆಗಿನ ಶಿಕ್ಷಣ ಸಾಲಗಳ ಮೇಲೆ 2013ರ ಡಿಸೆಂಬರ್ 31ಕ್ಕೆ ಬಾಕಿಯಿದ್ದ ಬಡ್ಡಿಯನ್ನು ಸರ್ಕಾರ ವಹಿಸಿಕೊಳ್ಳುವುದೆಂದು ಪ್ರಕಟಿಸಿದರು. ಸುಮಾರು 9 ಲಕ್ಷ ಸಾಲಗಾರರಿಗಾಗಿ ಅಂದಾಜು 2,600 ಕೋಟಿ ರೂಪಾಯಿ ಇದಕ್ಕೆ ಬೇಕಾಗುವುದೆಂದು ಹೇಳಲಾಗಿತ್ತು. ಆಗಲೂ ಅಸಲನ್ನು ಬಿಟ್ಟುಕೊಟ್ಟಿರಲಿಲ್ಲ.

ಇತರ ಸೌಲಭ್ಯಗಳು

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು, 8 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಕುಟುಂಬಗಳ ವಿದ್ಯಾರ್ಥಿಗಳಿಗೆ ಆಯ್ದ ಸಂಸ್ಥೆಗಳಲ್ಲಿ ಓದಲು 10 ಲಕ್ಷ ರೂಪಾಯಿವರೆಗಿನ ಸಾಲದ ಮೇಲೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ನೀಡುತ್ತದೆ. ಕರ್ನಾಟಕ ಸರ್ಕಾರದ ‘ಅರಿವು’ ಶೈಕ್ಷಣಿಕ ಸಾಲವನ್ನು ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಪ್ರತ್ಯೇಕವಾಗಿ ನೀಡುತ್ತವೆ. ಸಾಲ ತೀರಿಸತೊಡಗಿದ ಮೇಲೆ, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ಆದಾಯ ತೆರಿಗೆ ಕಾಯ್ದೆ, 1961ರ 80ಇ ಕಲಮಿನಂತೆ ಎಂಟು ವರ್ಷಗಳವರೆಗೆ ತಾವು ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯಲು ಅವಕಾಶ ಕಲ್ಪಿಸಲಾಗಿತ್ತು.